ಡಬ್ಲಿನ್‌ನಲ್ಲಿ ಆಧುನಿಕ ಐರಿಷ್ ಕಲೆ: ಲೇಬಲ್ಲಿನ ಕೊನೆಯ ಸಾಲನ್ನು ಬಿಡದೆ ಓದಿ

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಹತ್ತು ದಿನಕ್ಕೆ ಹೊರಟಿದ್ದೇವೆ. ನಾವು ಮೈಸೂರಿನವರು, ಜಗನ್ಮೋಹನ ಅರಮನೆಯ ಚಿತ್ರಗಳನ್ನು ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಆದರೆ ಆಧುನಿಕ ಕಲೆಯ ಎದುರು ನಿಂತರೆ ಏನು ನೋಡಬೇಕೆಂದೇ ತಿಳಿಯುವುದಿಲ್ಲ. ಹ್ಯೂ ಲೇನ್ ಗ್ಯಾಲರಿಯನ್ನೂ ಐರಿಷ್ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟನ್ನೂ ಒಂದೇ ದಿನದಲ್ಲಿ ಮುಗಿಸಬಹುದೇ? ಯಜಮಾನರಿಗೆ ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲಲಾರರು.

ಉತ್ತರ: ಮೊದಲಿಗೆ ಒಂದು ಬೇಸರದ ಸಂಗತಿ. ಪಾರ್ನೆಲ್ ಚೌಕದಲ್ಲಿರುವ ಹ್ಯೂ ಲೇನ್ ಗ್ಯಾಲರಿ ದೊಡ್ಡ ದುರಸ್ತಿಗಾಗಿ 2025ರ ಸೆಪ್ಟೆಂಬರ್ ಕೊನೆಯಲ್ಲಿ ಬಾಗಿಲು ಹಾಕಿದೆ. ಕೆಲಸಕ್ಕೆ ಸುಮಾರು ಮೂರು ವರ್ಷ ಹಿಡಿಯುತ್ತದೆಂದು ಆಗಲೇ ಹೇಳಿದ್ದರು. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಇದು ಇನ್ನೂ ತೆರೆದಿದೆ ಎಂದೇ ಇರುತ್ತದೆ. ಹೊರಡುವ ಮುನ್ನ ಅದರ ಜಾಲತಾಣವನ್ನು ಮಗಳ ಕೈಲಿ ಒಮ್ಮೆ ನೋಡಿಸಿ. ಕಾರ್ಕ್ ನಗರದ ಕ್ರಾಫರ್ಡ್ ಗ್ಯಾಲರಿಯೂ ಇದೇ ರೀತಿ 2024ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಅದನ್ನೂ ವಿಚಾರಿಸಿಕೊಳ್ಳಿ.

ಹಾಗೆಂದು ನಿಮ್ಮ ಪ್ರವಾಸಕ್ಕೇನೂ ಕೊರತೆಯಾಗದು. ಹ್ಯೂ ಲೇನ್ ಬದಲಿಗೆ ಮೆರಿಯನ್ ಚೌಕದ ನ್ಯಾಷನಲ್ ಗ್ಯಾಲರಿಗೆ ಒಂದು ಅರ್ಧ ದಿನ ಕೊಡಿ, ಕಿಲ್ಮೇನ್‌ಹ್ಯಾಮ್‌ನಲ್ಲಿರುವ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿಗೆ ಇನ್ನೊಂದು ಅರ್ಧ ದಿನ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮಂಡಿ ನೋವಿಲ್ಲದವರಿಗೂ ಒಂದೂವರೆ ಗಂಟೆ ಕಳೆದ ಮೇಲೆ ಕಣ್ಣು ನೋಡುತ್ತಿರುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಎರಡೂ ಕಡೆ ಸ್ವಂತ ಸಂಗ್ರಹ ನೋಡಲು ಟಿಕೆಟ್ ಇಲ್ಲ, ಕೆಲವು ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು ಕೊಡಬೇಕು. ಹಾಗಾಗಿ ಒಂದು ಗಂಟೆ ನೋಡಿ ಹೊರಬಂದು, ಇನ್ನೊಂದು ದಿನ ಮತ್ತೆ ಹೋದರೆ ನಷ್ಟವೇನಿಲ್ಲ. ಮೊದಲು ನ್ಯಾಷನಲ್ ಗ್ಯಾಲರಿ, ಆಮೇಲೆ ಕಿಲ್ಮೇನ್‌ಹ್ಯಾಮ್: ಈ ಕ್ರಮವನ್ನು ತಪ್ಪಿಸಬೇಡಿ. 20ನೇ ಶತಮಾನದ ಮೊದಲರ್ಧದ ಜಗಳಗಳೆಲ್ಲ ಮೆರಿಯನ್ ಚೌಕದಲ್ಲಿ ಸಿಗುತ್ತವೆ. ಅವನ್ನು ತಿಳಿಯದೆ ನೇರವಾಗಿ ಇಂದಿನ ಕಲೆಯ ಮುಂದೆ ನಿಂತರೆ ನೀವು ಹೇಳಿದ ಆ ಗಲಿಬಿಲಿ ಖಂಡಿತ.

"ಏನು ನೋಡಬೇಕು" ಎಂಬ ನಿಮ್ಮ ಪ್ರಶ್ನೆಗೆ ಒಂದು ಕೆಲಸದ ದಾರಿಯಿದೆ. ಚಿತ್ರದ ಪಕ್ಕದ ಲೇಬಲ್ಲಿನಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ ಇರುತ್ತವೆ. ಎಲ್ಲಕ್ಕಿಂತ ಕೆಳಗೆ, ಸಣ್ಣಕ್ಷರದಲ್ಲಿ, ಆ ಕೃತಿ ಯಾರಿಂದ ಯಾವ ವರ್ಷ ಬಂತು ಎಂಬ ಸಾಲು. ಕೊಂಡದ್ದೋ, ದಾನವೋ, ಉಯಿಲಿನಲ್ಲಿ ಬಂದದ್ದೋ ಎಂದು ಅಲ್ಲೇ ಬರೆದಿರುತ್ತದೆ. ಕೃತಿ ಹುಟ್ಟಿದ ವರ್ಷಕ್ಕೂ ಅದು ಸಾರ್ವಜನಿಕರ ಪಾಲಿಗೆ ಬಂದ ವರ್ಷಕ್ಕೂ ನಡುವೆ ಎಷ್ಟು ಅಂತರ ಎಂದು ಕಳೆದು ನೋಡಿ. ಐರಿಷ್ ಆಧುನಿಕ ಕಲೆಯ ಮಟ್ಟಿಗೆ ಆ ಅಂತರದಲ್ಲೇ ಅರ್ಧ ಚರಿತ್ರೆ ಕೂತಿದೆ.

ಮೂರು ಕೃತಿಗಳಲ್ಲಿ ಇದನ್ನು ನೋಡೋಣ. ಮೂರೂ ನ್ಯಾಷನಲ್ ಗ್ಯಾಲರಿಯ ಸೊತ್ತು.

ಮೊದಲನೆಯದು ಜ್ಯಾಕ್ ಬಿ. ಯೇಟ್ಸ್ 1923ರಲ್ಲಿ ಮಾಡಿದ 'ದಿ ಲಿಫಿ ಸ್ವಿಮ್'. ಕವಿ ಡಬ್ಲ್ಯು. ಬಿ. ಯೇಟ್ಸರ ತಮ್ಮ ಇವರು. ಊರ ನಡುವಿನ ಲಿಫಿ ನದಿಯಲ್ಲಿ ಈಜು ಪಂದ್ಯ, ದಡದಲ್ಲಿ ಜನಜಂಗುಳಿ. ನೋಡುವ ನೀವೂ ಆ ಗುಂಪಿನ ಹಿಂದೆ ಕತ್ತು ಚಾಚಿ ನಿಂತಂತೆಯೇ ಚಿತ್ರ ಕಟ್ಟಿದ್ದಾರೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಲೆಗೂ ಸ್ಪರ್ಧೆ ಇತ್ತು, ಅಲ್ಲಿ ಇದಕ್ಕೆ ಬೆಳ್ಳಿ ಪದಕ ಬಂತು. ಸ್ವತಂತ್ರ ಐರ್ಲೆಂಡ್ ಗೆದ್ದ ಮೊದಲ ಒಲಿಂಪಿಕ್ ಪದಕ ಇದೇ. ಗ್ಯಾಲರಿಗೆ ಸೇರಿದ್ದು 1931ರಲ್ಲಿ, ಎಂಟೇ ವರ್ಷಕ್ಕೆ. ಊರಿನ ಜನ ತಮ್ಮನ್ನು ತಾವು ಗುರುತಿಸಿಕೊಳ್ಳುವ ಚಿತ್ರ, ಅದಕ್ಕೆ ಬಾಗಿಲು ಬೇಗ ತೆರೆಯಿತು.

ಅದೇ 1923ರಲ್ಲಿ ಮೇನಿ ಜೆಲೆಟ್ ಎಂಬ ಡಬ್ಲಿನ್ ಹೆಣ್ಣುಮಗಳು 'ಡೆಕೊರೇಶನ್' ಎಂಬ ಚಿತ್ರವನ್ನು ಪ್ರದರ್ಶನಕ್ಕಿಟ್ಟರು. ಪ್ಯಾರಿಸ್‌ನಲ್ಲಿ ಆಲ್ಬರ್ಟ್ ಗ್ಲೇಜ್ ಬಳಿ ಕ್ಯೂಬಿಸಂ, ಅಂದರೆ ಕಂಡದ್ದನ್ನು ಜ್ಯಾಮಿತಿಯ ಆಕಾರಗಳಾಗಿ ಒಡೆದು ಜೋಡಿಸುವ ಶೈಲಿ, ಕಲಿತು ಬಂದವರು. ಮರದ ಹಲಗೆಯ ಮೇಲೆ ಒಂದರ ಮೇಲೊಂದು ತಿರುಗಿಸಿಟ್ಟ ಬಣ್ಣದ ಪಟ್ಟಿಗಳು, ಅಷ್ಟೇ. ಡಬ್ಲಿನ್‌ಗೆ ಅದು ಹಿಡಿಸಲಿಲ್ಲ. ಕವಿ, ಚಿತ್ರಕಾರ ಜಾರ್ಜ್ ರಸೆಲ್ ಇದನ್ನು ಕಲೆಗೆ ತಗಲಿದ ಮಲೇರಿಯಾ ಎಂಬಂತೆ ಬರೆದರು. ಈ ಚಿತ್ರದ ಎದುರು ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ, ಹೆಸರು ಹುಡುಕಬೇಡಿ. ನಡುವೆ ಒಂದು ದೊಡ್ಡ ಆಕಾರ, ಅದರ ಮಡಿಲಿಗೆ ವಾಲಿದ ಸಣ್ಣ ಆಕಾರ, ಸುತ್ತ ಹೊನ್ನಿನ ಬಣ್ಣ. ಹಳೆಯ ಇಟಲಿಯ ಮೇರಿ ಮತ್ತು ಶಿಶುವಿನ ಪೂಜಾಫಲಕದ ಕಟ್ಟು ಅದು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ಕೆಲಸ ನೋಡಿ ಬೆಳೆದ ಕಣ್ಣಿಗೆ ಇದು ಬಹುಶಃ ಡಬ್ಲಿನ್ನಿನ ಅಂದಿನ ವಿಮರ್ಶಕರಿಗಿಂತ ಬೇಗ ಸಿಕ್ಕೀತು. ಲೇಬಲ್ಲಿನ ಕೊನೆಯ ಸಾಲು: ಈವಿ ಹೋನ್ ಉಯಿಲು, 1955. ಈವಿ ಹೋನ್ ಜೆಲೆಟ್‌ರ ಜೀವದ ಗೆಳತಿ, ಜೊತೆಯಲ್ಲೇ ಪ್ಯಾರಿಸ್‌ನಲ್ಲಿ ಕಲಿತವರು. ಅಂದರೆ ಆ ಚಿತ್ರ ಮೂವತ್ತೆರಡು ವರ್ಷ ಕಾದು, ಗೆಳತಿಯ ಕೈಯಿಂದ ದೇಶಕ್ಕೆ ಬಂತು. ಜೆಲೆಟ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಇಲ್ಲೇ ಒಂದು ಮಾತು, ಮೈಸೂರಿನವರಿಗೆಂದು. ಈ ರಸೆಲ್‌ರ ಬಳಗದಲ್ಲೇ ಇದ್ದವರು ಜೇಮ್ಸ್ ಕಸಿನ್ಸ್. ಆಮೇಲೆ ಭಾರತಕ್ಕೆ ಬಂದು ನೆಲೆಸಿದರು. 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ ನಿಮ್ಮ ನುಡಿಯಲ್ಲೇ ಬರೆಯಿರಿ ಎಂದವರು ಅವರೇ. ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳಲು ನೆರವಾದವರೂ ಅವರೇ. ಹೊರಗಿನ ಮಾದರಿ ಬೇಕೋ ನಮ್ಮದೇ ಬೇಕೋ ಎಂಬ ಚರ್ಚೆ ಅದೇ ಒಂದೆರಡು ವರ್ಷಗಳಲ್ಲಿ ಡಬ್ಲಿನ್‌ನಲ್ಲೂ ಮೈಸೂರಿನಲ್ಲೂ ನಡೆದಿತ್ತು. ನಮಗೆ ಅದು ಕುವೆಂಪು ಅವರನ್ನು ಕೊಟ್ಟಿತು, ಅಲ್ಲಿ ಜೆಲೆಟ್ ಅದರ ಬಿಸಿ ಅನುಭವಿಸಿದರು.

ಮೂರನೆಯದು ಲೂಯಿ ಲೆ ಬ್ರಾಕಿಯವರ 'ಎ ಫ್ಯಾಮಿಲಿ', 1951. ಸುಮಾರು ಒಂದೂವರೆ ಮೀಟರ್ ಎತ್ತರದ, ಅದಕ್ಕಿಂತ ಅಗಲವಾದ, ಬಹುಪಾಲು ಬೂದು ಬಣ್ಣದ ತೈಲಚಿತ್ರ. ತಲೆ ತಗ್ಗಿಸಿ ಕೂತ ಗಂಡಸು, ಮೊಣಕೈ ಊರಿ ಮಲಗಿ ನಮ್ಮನ್ನೇ ದಿಟ್ಟಿಸುವ ಹೆಂಗಸು, ಕೈಯಲ್ಲಿ ಹೂ ಹಿಡಿದ ಮಗು. ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ ಹಾಸಿದ ಬಟ್ಟೆಯ ಅಂಚನ್ನು ಗಮನಿಸಿ. ಅಲ್ಲಿಂದ ಒಂದು ಬೆಕ್ಕು ಇಣುಕುತ್ತಿದೆ. ಆತುರದಲ್ಲಿ ದಾಟುವವರಿಗೆ ಅದು ಕಾಣುವುದೇ ಇಲ್ಲ. ಮಹಾಯುದ್ಧ ಮುಗಿದ ಯುರೋಪಿನ ಮನೆ ಇದು: ಒಟ್ಟಿಗಿದ್ದಾರೆ, ಒಬ್ಬರಿಗೊಬ್ಬರು ಸಿಕ್ಕಿಲ್ಲ. ಇದನ್ನು ಕೊಂಡು ನಗರದ ಗ್ಯಾಲರಿಗೆ, ಅಂದರೆ ಇಂದಿನ ಹ್ಯೂ ಲೇನ್‌ಗೆ, ಕೊಡಲು 1952ರಲ್ಲಿ ಕೆಲವರು ಮುಂದಾದರು. ಸಲಹಾ ಸಮಿತಿ ಬೇಡವೆಂದಿತು. 1956ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅದೇ ಚಿತ್ರಕ್ಕೆ ಬಹುಮಾನ ಬಂತು. ಕೊನೆಗೆ ಐರ್ಲೆಂಡಿನ ಸಾರ್ವಜನಿಕ ಸಂಗ್ರಹಕ್ಕೆ ಬಂದದ್ದು 2002ರಲ್ಲಿ, ದಾನವಾಗಿ. ಐವತ್ತೊಂದು ವರ್ಷದ ಅಂತರ. ಲೇಬಲ್ಲಿನಲ್ಲಿ 'ಹೆರಿಟೇಜ್ ಗಿಫ್ಟ್' ಎಂಬ ಮಾತು ಕಂಡರೆ, ಮಹತ್ವದ ಕೃತಿಯನ್ನು ದೇಶಕ್ಕೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ನೀಡುವ ಐರಿಷ್ ಕಾನೂನಿನಡಿ ಅದು ಬಂದಿದೆ ಎಂದರ್ಥ.

ಮೆರಿಯನ್ ಚೌಕದಲ್ಲಿ ಇನ್ನೊಂದನ್ನು ಮಾತ್ರ ಬಿಡಬೇಡಿ, ಗಾಜುಚಿತ್ರಗಳ ಕೋಣೆ. ಹ್ಯಾರಿ ಕ್ಲಾರ್ಕ್ 1917ರಲ್ಲಿ ಮಾಡಿದ 'ಸಾಂಗ್ ಆಫ್ ದ ಮ್ಯಾಡ್ ಪ್ರಿನ್ಸ್' ಅಲ್ಲಿದೆ. ಒಂದು ದೊಡ್ಡ ಪುಸ್ತಕದಷ್ಟೇ ಗಾತ್ರ. ಬಿಳಿ ಗಾಜಿನ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಬಣ್ಣದ ಗಾಜಿನ ಪದರ ಹತ್ತಿಸಿರುತ್ತಾರೆ. ಆ ಪದರವನ್ನು ಆಮ್ಲದಲ್ಲಿ ಬೇಕಾದಷ್ಟೇ ತಿನ್ನಿಸಿದರೆ ಗಾಢದಿಂದ ತಿಳಿಯವರೆಗೆ ಬಣ್ಣದ ಎಲ್ಲ ಮೆಟ್ಟಿಲೂ ಒಂದೇ ತುಂಡಿನಲ್ಲಿ ಸಿಗುತ್ತವೆ. ಇಲ್ಲಿ ಕೆಂಪಿನದೊಂದು, ನೀಲಿಯದೊಂದು ಹೀಗೆ ಎರಡು ಗಾಜುಗಳನ್ನು ಒಂದರ ಹಿಂದೊಂದು ಕೂರಿಸಿದ್ದಾರೆ. ಎರಡೂ ಉಳಿದ ಕಡೆ ನೇರಳೆ, ಒಂದು ತಿಂದುಹೋದ ಕಡೆ ಶುದ್ಧ ಕೆಂಪು ಅಥವಾ ನೀಲಿ, ಎರಡೂ ಹೋದ ಕಡೆ ಬೆಳಕು. ತಲೆಯನ್ನು ಎಡಕ್ಕೂ ಬಲಕ್ಕೂ ತುಸು ಓಲಾಡಿಸಿದರೆ ಗಾಜಿನ ಆಳ ತಿಳಿಯುತ್ತದೆ. ಆಮ್ಲದ ಕೈ ಒಂದು ನಿಮಿಷ ಹೆಚ್ಚಾದರೂ ತುಂಡು ಹಾಳು. ಇಷ್ಟು ಸಣ್ಣ ಜಾಗದಲ್ಲಿ ಅದನ್ನು ಸಾಧಿಸಿದ ಕೈಗೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆ.

ಸಮಯದ ವಿಷಯ. ನ್ಯಾಷನಲ್ ಗ್ಯಾಲರಿ ಸೋಮವಾರವೂ ತೆರೆದಿರುತ್ತದೆ, ಗುರುವಾರ ರಾತ್ರಿ 8:30ರ ತನಕ ಇರುತ್ತದೆ. ಗುರುವಾರ ಸಂಜೆ 5ರ ನಂತರ ಹೋದರೆ ಶಾಲಾ ಮಕ್ಕಳ ಗುಂಪುಗಳಿರುವುದಿಲ್ಲ, ಬೆಂಚುಗಳು ಖಾಲಿ ಸಿಗುತ್ತವೆ. ಪಿಯರ್ಸ್ ರೈಲು ನಿಲ್ದಾಣದಿಂದ ನಡೆದರೆ ಐದಾರು ನಿಮಿಷ. ಕಿಲ್ಮೇನ್‌ಹ್ಯಾಮ್ ಮ್ಯೂಸಿಯಮ್ಮಿಗೆ ಸೋಮವಾರ ರಜೆ. ಬುಧವಾರ 11:30ಕ್ಕೆ, ಭಾನುವಾರ ಮಧ್ಯಾಹ್ನ 12ಕ್ಕೆ ತೆರೆಯುತ್ತದೆ, ಉಳಿದ ದಿನ ಬೆಳಿಗ್ಗೆ 10ಕ್ಕೆ. ಸಂಜೆ 5:30ಕ್ಕೆ ಮುಚ್ಚುತ್ತದೆ. ಬುಧವಾರ ಬೆಳಿಗ್ಗೆ ಹತ್ತಕ್ಕೇ ಹೋಗಿ ಗೇಟಿನಲ್ಲಿ ಕಾಯುವವರು ಬಹಳ.

ಅಲ್ಲಿಗೆ ಹೋಗುವಾಗ ಹೆಚ್ಚಿನವರು ಎಡವುವುದು ಟ್ರಾಮಿನಲ್ಲಿ. ಲುವಾಸ್ ಕೆಂಪು ಮಾರ್ಗದಲ್ಲಿ 'ಮ್ಯೂಸಿಯಂ' ಎಂಬ ಹೆಸರಿನ ನಿಲ್ದಾಣವಿದೆ. ಅಲ್ಲಿ ಇಳಿಯಬೇಡಿ. ಅದು ಕಾಲಿನ್ಸ್ ಬ್ಯಾರಕ್ಸಿನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ್ದು. ನೀವು ಇಳಿಯಬೇಕಾದ್ದು ಮುಂದಿನ ಹ್ಯೂಸ್ಟನ್‌ನಲ್ಲಿ. ಬಸ್ಸು, ಟ್ರಾಮುಗಳಿಗೆ ದುಡ್ಡು ತುಂಬಿಸಿ ಬಳಸುವ ಲೀಪ್ ಕಾರ್ಡನ್ನು ಟ್ರಾಮ್ ಹತ್ತುವ ಮೊದಲೂ ಇಳಿದ ಮೇಲೂ ನಿಲ್ದಾಣದ ಕಂಬಕ್ಕೆ ತಾಗಿಸಬೇಕು, ಬಸ್ಸಿಗಾದರೆ ಹತ್ತುವಾಗ ಮಾತ್ರ. ಹ್ಯೂಸ್ಟನ್‌ನಿಂದ ಮಿಲಿಟರಿ ರಸ್ತೆ ಹಿಡಿದು ಸುಮಾರು ಹತ್ತು ನಿಮಿಷದ ನಡಿಗೆ, ಆದರೆ ಅದು ಏರು ದಾರಿ. ನಿಮ್ಮ ಯಜಮಾನರ ಮಂಡಿಯ ಶಕ್ತಿಯನ್ನು ಅಲ್ಲಿ ಖರ್ಚು ಮಾಡಿಸಬೇಡಿ. ಹ್ಯೂಸ್ಟನ್ ಎದುರಿಗೇ ಟ್ಯಾಕ್ಸಿ ಸಿಗುತ್ತದೆ, ಮ್ಯೂಸಿಯಂ ಬಾಗಿಲಿನವರೆಗೂ ಹೋಗಿ. ಮುಂಗಟ್ಟೆಯಲ್ಲಿ ಗಾಲಿಕುರ್ಚಿ ಕೇಳಲು ಸಂಕೋಚ ಬೇಡ, ಲಿಫ್ಟ್ ಎಲ್ಲಿದೆ ಎಂದೂ ಮೊದಲೇ ಕೇಳಿಕೊಳ್ಳಿ. ಗಾಲಿಕುರ್ಚಿ ಬೇಡವೆನಿಸಿದರೆ ಮಡಚುವ ಸ್ಟೂಲ್ ಇದೆಯೇ ಎಂದು ವಿಚಾರಿಸಿ.

ಕಟ್ಟಡವನ್ನು ತಿಳಿದುಕೊಂಡರೆ ಒಳಗಿನ ನಡಿಗೆ ಅರ್ಧಕ್ಕರ್ಧ ಉಳಿಯುತ್ತದೆ. ಇದು ಗ್ಯಾಲರಿಗೆಂದು ಕಟ್ಟಿದ ಮನೆಯಲ್ಲ. 1680ರಲ್ಲಿ ಶುರುವಾದ, ನಿವೃತ್ತ ಸೈನಿಕರ ಆಶ್ರಯಧಾಮ. ನಡುವೆ ಚೌಕಾಕಾರದ ದೊಡ್ಡ ಅಂಗಳ, ಸುತ್ತ ಉದ್ದೋಉದ್ದ ಓಣಿಗಳು, ಓಣಿಯ ಬದಿಗೆ ಸಾಲು ಸಾಲು ಸಣ್ಣ ಕೋಣೆಗಳು. ಒಂದೊಂದು ಕೋಣೆಯೂ ಹಿಂದೆ ಮುದಿ ಸೈನಿಕರು ಮಲಗುತ್ತಿದ್ದ ಜಾಗ. ಹಾಗಾಗಿ ದೊಡ್ಡ ಹಜಾರದಲ್ಲಿ ಎಲ್ಲವನ್ನೂ ಒಮ್ಮೆಗೇ ನೋಡುವ ರೀತಿ ಇಲ್ಲಿಲ್ಲ. ಕೋಣೆಗೊಂದು ಎರಡು ಕೃತಿ, ಹೊರಗೆ ಬನ್ನಿ, ಮುಂದಿನದಕ್ಕೆ ಹೋಗಿ. ಎಲ್ಲ ಬಾಗಿಲನ್ನೂ ಇಣುಕುವ ಹಟಕ್ಕೆ ಬಿದ್ದರೆ ಮೈಲಿಗಟ್ಟಲೆ ನಡೆದಂತಾಗುತ್ತದೆ. ಕಟ್ಟಡದ ಒಂದು ರೆಕ್ಕೆಯನ್ನಷ್ಟೇ, ಅಂದರೆ ಒಂದು ಪಾರ್ಶ್ವವನ್ನಷ್ಟೇ, ಆರಿಸಿಕೊಳ್ಳಿ. ಗಾರ್ಡನ್ ಗ್ಯಾಲರೀಸ್ ಎಂಬುದು ಬೇರೆಯೇ ಕಟ್ಟಡ, ಅದಕ್ಕೆ ಹೊರಗೆ ಬಂದು ನಡೆಯಬೇಕು.

ಸರ್ಕಾರ ಇದನ್ನು ಆಧುನಿಕ ಕಲೆಯ ಮ್ಯೂಸಿಯಂ ಮಾಡಿ ತೆರೆದದ್ದು 1991ರಲ್ಲಿ ಮಾತ್ರ. ಲೇಬಲ್ಲಿನ ಕೊನೆಯ ಸಾಲಿನಲ್ಲಿ 1991ಕ್ಕಿಂತ ಹಳೆಯ ವರ್ಷ ಇಲ್ಲಿ ಅಪರೂಪವಾಗಿರುವುದಕ್ಕೆ ಅದೇ ಕಾರಣ. ಇನ್ನೊಂದು ಸಂಗತಿ: ಹೆಸರಿನಲ್ಲಿ ಐರಿಷ್ ಎಂದಿದ್ದರೂ ಇಲ್ಲಿ ಹೊರದೇಶದ ಕಲೆಯೂ ಧಾರಾಳ. ಐರಿಷ್ ಕೃತಿಗಳೇ ಬೇಕಿದ್ದರೆ ಒಳಬಂದ ಕೂಡಲೇ "ನಿಮ್ಮ ಸ್ವಂತ ಸಂಗ್ರಹದ ಪ್ರದರ್ಶನ ಈಗ ಯಾವ ರೆಕ್ಕೆಯಲ್ಲಿದೆ?" ಎಂದು ಕೇಳಿ.

ಇಂಥ ಕೃತಿಯನ್ನೇ ನೋಡುತ್ತೇನೆ ಎಂದು ಪಟ್ಟಿ ಹಿಡಿದು ಹೋಗಬೇಡಿ. ಸಂಗ್ರಹದಲ್ಲಿ ಸಾವಿರಾರು ಕೃತಿಗಳಿವೆ, ಒಂದು ಹೊತ್ತಿಗೆ ಗೋಡೆಯ ಮೇಲಿರುವುದು ಸ್ವಲ್ಪವೇ. ಇದಕ್ಕೆ ಜಾಗದ ಕೊರತೆಯೊಂದೇ ಕಾರಣವಲ್ಲ. ಕಾಗದದ ಮೇಲಿನ ಕೆಲಸಕ್ಕೆ ಬೆಳಕೇ ವೈರಿ. ಜಲವರ್ಣ, ರೇಖಾಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ಅಂದರೆ ಬಹಳ ಮಂದ ಬೆಳಕು ಮಾತ್ರ ಕೊಡುತ್ತಾರೆ, ಕೆಲವು ತಿಂಗಳು ತೋರಿಸಿ ವರ್ಷಗಟ್ಟಲೆ ಕತ್ತಲಲ್ಲಿಡುತ್ತಾರೆ. ಬಣ್ಣ ಮಾಸಿದ ಮೇಲೆ ಮತ್ತೆ ಬರುವುದಿಲ್ಲ, ಕತ್ತಲಲ್ಲಿಟ್ಟರೂ ಕಳೆದದ್ದು ಕೂಡುವುದಿಲ್ಲ. ನ್ಯಾಷನಲ್ ಗ್ಯಾಲರಿಯವರು ಇಂಗ್ಲಿಷ್ ಚಿತ್ರಕಾರ ಟರ್ನರನ ಜಲವರ್ಣಗಳನ್ನು ಬೆಳಕು ಅತಿ ಕಡಿಮೆಯಿರುವ ಜನವರಿಯಲ್ಲಷ್ಟೇ ಹೊರತೆಗೆಯುವ ಪದ್ಧತಿ ಇಟ್ಟುಕೊಂಡಿರುವುದೂ ಇದಕ್ಕೇ. ಆದ್ದರಿಂದ ಕೋಣೆ ಮಬ್ಬಾಗಿದ್ದರೆ ಬೇಸರಪಡಬೇಡಿ. ಒಳಗೆ ಕಾಲಿಟ್ಟು ಎರಡು ನಿಮಿಷ ಕಾದರೆ ಕಣ್ಣು ಹೊಂದಿಕೊಳ್ಳುತ್ತದೆ. ಮೊಬೈಲ್ ತೆರೆಯ ಬೆಳಕು ಆ ಹೊಂದಾಣಿಕೆಯನ್ನು ಮತ್ತೆ ಕೆಡಿಸುತ್ತದೆ. ಫ್ಲಾಷ್ ಅಂತೂ ಎಲ್ಲೂ ಬೇಡ.

ನೀವು ಹೋದ ದಿನ ಈ ಎರಡರಲ್ಲಿ ಒಂದಾದರೂ ಹೊರಗಿದ್ದರೆ ಅದೃಷ್ಟ. ಆ್ಯಲಿಸ್ ಮಾಹರ್ 1994ರಲ್ಲಿ ಮಾಡಿದ 'ಬೆರಿ ಡ್ರೆಸ್' ಪುಟ್ಟ ಮಗುವಿನ ಲಂಗದ ಆಕಾರದ್ದು. ಮೈತುಂಬ ಕಾಡುಗುಲಾಬಿಯ ಕೆಂಪು ಕಾಯಿಗಳು. ದೂರಕ್ಕೆ ಹಬ್ಬದ ಬಟ್ಟೆಯ ಹಾಗೆ ಕಣ್ಣು ತುಂಬುತ್ತದೆ. ಬಗ್ಗಿ, ಲಂಗದ ಅಂಚಿನ ಕೆಳಗಿನಿಂದ ಒಳಗೆ ನೋಡಿ. ಒಂದೊಂದು ಕಾಯನ್ನೂ ಗುಂಡುಸೂಜಿಯಿಂದ ಚುಚ್ಚಿ ಕೂರಿಸಿದ್ದಾರೆ, ಸೂಜಿಗಳ ಮೊನೆಯೆಲ್ಲ ಒಳಮುಖ, ತೊಡುವ ಮಗುವಿನ ಮೈಯತ್ತ. ಗೋಡೆಯ ಬರಹ ಓದುವ ಮೊದಲೇ ನಿಮಗೆ ಅದು ಏನೆಂದು ತಿಳಿದಿರುತ್ತದೆ. ಎರಡನೆಯದು ಕ್ಯಾಥಿ ಪ್ರೆಂಡರ್‌ಗಾಸ್ಟ್ 1992ರಲ್ಲಿ ತೊಡಗಿದ 'ಸಿಟಿ ಡ್ರಾಯಿಂಗ್ಸ್'. ದೇಶದೇಶಗಳ ರಾಜಧಾನಿಗಳ ನಕ್ಷೆಗಳು, ಬರಿಯ ಪೆನ್ಸಿಲಿನಲ್ಲಿ, ರಸ್ತೆಯ ಹೆಸರೊಂದೂ ಇಲ್ಲದೆ. ಮೂರಡಿ ದೂರದಲ್ಲಿ ಎಲೆಯ ನರಗಳಂತೆ, ಶ್ವಾಸಕೋಶದಂತೆ ಕಾಣುವುದು ಒಂದಡಿಗೆ ಬಂದರೆ ಊರಾಗುತ್ತದೆ. ಗೆರೆ ಬಹಳ ಸಣ್ಣದು, ಓದುವ ಕನ್ನಡಕ ಮರೆತರೆ ಇವನ್ನು ನೋಡಿದಂತೆಯೇ ಅಲ್ಲ.

ವಿಡಿಯೊ ಇರುವ ಕತ್ತಲ ಕೋಣೆಯಲ್ಲಿ ಮೊದಲು ಲೇಬಲ್ಲಿನಲ್ಲಿ ಅವಧಿ ನೋಡಿ. 8 ನಿಮಿಷವಾದರೆ ಕೂತು ಮತ್ತೆ ಮೊದಲಿನಿಂದ ನೋಡಿ. 50 ನಿಮಿಷವಾದರೆ ಇಷ್ಟವಿದ್ದಷ್ಟು ಹೊತ್ತು. ಅಲ್ಲಿ ಬೆಂಚು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಯಜಮಾನರಿಗೆ ವಿರಾಮಕ್ಕೂ ಒಳ್ಳೆಯ ಜಾಗ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ ಅಥವಾ ಲಾಕರಿನಲ್ಲಿಡಿ. ಸಣ್ಣ ಕೋಣೆಗಳಲ್ಲಿ ತಿರುಗುವಾಗ ಕೃತಿಗೆ ತಾಗುವುದು ಬೆನ್ನಿನ ಚೀಲವೇ. ಟಿಪ್ಪಣಿ ಮಾಡುವುದಿದ್ದರೆ ಪೆನ್ಸಿಲ್ ಒಯ್ಯಿರಿ, ಶಾಯಿ ಪೆನ್ನು ಬೇಡ.

ಹೊರಗಿನ ಆವರಣದಲ್ಲೂ ನೋಡುವುದಿದೆ. ಬ್ಯಾರಿ ಫ್ಲನಗನ್ ಮಾಡಿದ, ಡೋಲು ಬಾರಿಸುತ್ತಿರುವ ದೊಡ್ಡ ಕಂಚಿನ ಮೊಲ ಎಲ್ಲರಿಗೂ ಕಾಣುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಒಂದು ಸಮಾಧಿ. 1972ರ ಜನವರಿಯಲ್ಲಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಡೆರ್ರಿ ಊರಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿದರು. ಅದನ್ನು ಪ್ರತಿಭಟಿಸಿ ಬ್ರಯನ್ ಓಡೊಹರ್ಟಿ ಎಂಬ ಕಲಾವಿದ ತನ್ನ ಹೆಸರನ್ನೇ ಪ್ಯಾಟ್ರಿಕ್ ಐರ್ಲೆಂಡ್ ಎಂದು ಬದಲಿಸಿಕೊಂಡರು. ಬ್ರಿಟಿಷ್ ಸೇನೆ ಅಲ್ಲಿಂದ ಹೋಗಿ, ಎಲ್ಲರಿಗೂ ನಾಗರಿಕ ಹಕ್ಕು ಸಿಗುವ ತನಕ ಕೃತಿಗಳಿಗೆ ಈ ಹೆಸರಿನಲ್ಲೇ ಸಹಿ ಮಾಡುವುದಾಗಿ ಹೇಳಿ, 36 ವರ್ಷ ಹಾಗೇ ಮಾಡಿದರು. ಶಾಂತಿ ನೆಲೆಸಿದ ಮೇಲೆ, 2008ರ ಮೇ ತಿಂಗಳಲ್ಲಿ, ಆ ಹೆಸರಿನ ಬೊಂಬೆಯೊಂದನ್ನು ಇದೇ ಆವರಣದಲ್ಲಿ ವಿಧಿಪೂರ್ವಕ ಮಣ್ಣು ಮಾಡಿ ತಮ್ಮ ಹುಟ್ಟುಹೆಸರಿಗೆ ಮರಳಿದರು. ಜಾಗ ಎಲ್ಲಿ ಎಂದು ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ಪಶ್ಚಿಮ ಗೇಟಿನ ಕಡೆಗೆ ಮರಸಾಲಿನ ದಾರಿಯಲ್ಲಿ ನಡೆದರೆ ಎದುರಿಗೇ ಕಿಲ್ಮೇನ್‌ಹ್ಯಾಮ್ ಸೆರೆಮನೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರಲ್ಲಿ ನಡೆದ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದ ಜಾಗ. ಅಲ್ಲಿ ಮಾರ್ಗದರ್ಶಿಯ ಜೊತೆಗಷ್ಟೇ ಪ್ರವೇಶ, ಟಿಕೆಟ್ ವಾರಗಳ ಮೊದಲೇ ಆನ್‌ಲೈನ್‌ನಲ್ಲಿ ತೀರಿಹೋಗುತ್ತದೆ. ಬೆಳಿಗ್ಗೆ ಮ್ಯೂಸಿಯಂ, ಊಟ, ಮಧ್ಯಾಹ್ನ ಮೂರರ ಸುಮಾರಿಗೆ ಸೆರೆಮನೆ ಎಂದು ಮಗಳಿಗೆ ಈಗಲೇ ಹೇಳಿ ಕಾದಿರಿಸಿ. ಆದರೆ ಆ ಪ್ರವಾಸದಲ್ಲಿ ಮೆಟ್ಟಿಲು ಮತ್ತು ನಿಲ್ಲುವುದು ಎರಡೂ ಹೆಚ್ಚು. ಯಜಮಾನರಿಗೆ ಕಷ್ಟವೆನಿಸಿದರೆ ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು: ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ, ಅದರ ವೀಸಾ ಬೇರೆ. ಬೆಲ್‌ಫಾಸ್ಟಿನ ಅಲ್‌ಸ್ಟರ್ ಮ್ಯೂಸಿಯಮ್ಮಿಗೂ ಹೋಗಿಬರುವ ಆಸೆಯಿದ್ದರೆ, ಗಡಿಯಲ್ಲಿ ತಪಾಸಣೆ ಕಾಣದಿದ್ದರೂ ಅದು ಬ್ರಿಟನ್ನಿಗೆ ಸೇರಿದ ನೆಲ. ನಿಮ್ಮ ಐರಿಷ್ ವೀಸಾದ ಮೇಲೆ ಬ್ರಿಟಿಷ್-ಐರಿಷ್ ಯೋಜನೆಯ ಗುರುತಿಲ್ಲದಿದ್ದರೆ ದಾಟಬಾರದು.

ಜೋರು ಮಳೆ ಬಂದ ದಿನಕ್ಕೆ ಒಂದು ಸುಲಭದ ಕೆಲಸ. ಗ್ರಾಫ್ಟನ್ ರಸ್ತೆಯ ಬ್ಯೂಲೀಸ್ ಕೆಫೆಯಲ್ಲಿ ಹ್ಯಾರಿ ಕ್ಲಾರ್ಕರ ದೊಡ್ಡ ಗಾಜುಚಿತ್ರ ಕಿಟಕಿಗಳಿವೆ, 1920ರ ದಶಕದ ಕೊನೆಯವು. ಒಂದು ಕಾಫಿ ತೆಗೆದುಕೊಂಡು ಕಿಟಕಿಗೆ ಮುಖಮಾಡಿದ ಮೇಜು ಕೇಳಿ ಕೂರಿ. ಅವಸರ ಬೇಡ. ಮೋಡ ಸರಿದು ಬೆಳಕು ಬದಲಾದಾಗ ಒಂದೊಂದೇ ಬಣ್ಣ ಮೇಲೇಳುವುದನ್ನು ಯಜಮಾನರೂ ಕೂತಲ್ಲೇ ನೋಡಬಹುದು.